ಗೋಲ್‌ಕೀಪರ್‌ನ ವಯಸ್ಸು ಕೇಳಬೇಡಿ

ಮಾನ್ಯ ಸಂಪಾದಕರೆ,

ಹಾಕಿ ತಂಡಗಳು ಮೂವತ್ತು ದಾಟಿದ ಗೋಲ್‌ಕೀಪರ್‌ಗಳನ್ನು ಬಿಟ್ಟು ಹುಡುಗರನ್ನು ನಂಬಲಿ ಎಂಬ ಬರಹ ನಿಮ್ಮ ಕ್ರೀಡಾಪುಟದಲ್ಲಿ ಬಂದಿತ್ತು. ನಾನು ಹಾಸನದವನು, ಈಗ ಇರುವುದು ಕೆನಡಾದ ಎಡ್ಮಂಟನ್‌ನಲ್ಲಿ. ಇಲ್ಲಿನ ಐಸ್ ಹಾಕಿ ತಂಡ ಆಯಿಲರ್ಸ್‌ನ ಅಭಿಮಾನಿ. ಅಂದರೆ ಈ ವಿಷಯದಲ್ಲಿ ಚೆನ್ನಾಗಿ ಪೆಟ್ಟು ತಿಂದವನು.

2022ರಲ್ಲಿ ನಮ್ಮವರು ಗೋಲ್‌ಕೀಪರ್ ಜಾಕ್ ಕ್ಯಾಂಪ್‌ಬೆಲ್‌ಗೆ ಐದು ವರ್ಷಕ್ಕೆ 2.5 ಕೋಟಿ ಡಾಲರ್ ಕೊಟ್ಟರು. ಆಗ ಆತನಿಗೆ 30. ಹೆಸರಿಗೆ ಅನುಭವಿ, ಆದರೆ 82 ಪಂದ್ಯಗಳ ಸೀಸನ್‌ನಲ್ಲಿ ಒಮ್ಮೆಯೂ 50 ಪಂದ್ಯ ಆಡಿದವನಲ್ಲ. ಎರಡನೇ ಸೀಸನ್ ಶುರುವಾದ ತಿಂಗಳಲ್ಲೇ ಕೆಳಗಿನ ಲೀಗಿಗೆ ಕಳಿಸಿದರು.

ಇದಕ್ಕೆ ವಿರುದ್ಧವಾಗಿ, ಎದುರಾಳಿ ತಂಡ ಫ್ಲಾರಿಡಾ ಪ್ಯಾಂಥರ್ಸ್ 2019ರಲ್ಲಿ ತಂದ ಗೋಲ್‌ಕೀಪರ್ ಸೆರ್ಗೈ ಬೊಬ್ರೊವ್‌ಸ್ಕಿ ಸತತ ಮೂರು ಸೀಸನ್ 60ಕ್ಕಿಂತ ಜಾಸ್ತಿ ಪಂದ್ಯ ಆಡಿ ಬಂದವನು. ಏಳು ವರ್ಷಕ್ಕೆ 7 ಕೋಟಿ ಡಾಲರ್. ದುಡ್ಡು ದಂಡ ಅಂತ ಎಷ್ಟೋ ಜನ ನಕ್ಕರು. ನಗುವಂಥ ಆಟವನ್ನೂ ಆತ ಆಡಿದ, ಸುಳ್ಳಲ್ಲ. 2023ರ ಪ್ಲೇಆಫ್ (ಕಪ್‌ಗಾಗಿ ನಡೆಯುವ ನಾಕೌಟ್ ಹಂತ) ಶುರುವಾದಾಗ ಬೆಂಚಿನಲ್ಲಿ ಕೂತಿದ್ದ.

2024ರಲ್ಲಿ ನಮಗೂ ಪ್ಯಾಂಥರ್ಸ್‌ಗೂ ನಡೆದ ಏಳು ಪಂದ್ಯಗಳ ಫೈನಲ್‌ನ ನಾಲ್ಕನೇ ಪಂದ್ಯ ನಮ್ಮೂರಲ್ಲೇ ನಡೆಯಿತು. 16 ಹೊಡೆತಕ್ಕೆ ಐದು ಗೋಲು ಬಿಟ್ಟ ಬೊಬ್ರೊವ್‌ಸ್ಕಿಯನ್ನು ಕೋಚ್ ಪಾಲ್ ಮೋರಿಸ್ ಹೊರಗೆ ಕರೆದರು. ನಾವು ಗೆದ್ದಿದ್ದು 8-1. ಪಕ್ಕದ ಮನೆಯಾತ ಟಿವಿ ಮುಂದೆ ಎದ್ದು ನಿಂತು, ಈ ಮುದುಕನ ಕಥೆ ಮುಗೀತು ಎಂದ. ನಾನೂ ತಲೆಯಾಡಿಸಿದೆ. ಮುಂದಿನ ಎರಡು ಪಂದ್ಯವೂ ನಮ್ಮದೇ. ಮೋರಿಸ್ ಮಾತ್ರ ಗೋಲ್‌ಕೀಪರ್‌ನನ್ನು ಬದಲಿಸಲಿಲ್ಲ. ಏಳನೇ ಪಂದ್ಯದಲ್ಲಿ ಆ 35ರ ಮುದುಕ ಬಿಟ್ಟಿದ್ದು ಒಂದೇ ಗೋಲು. 2-1, ಕಪ್ ಅವರಿಗೆ. ಮರುವರ್ಷವೂ ಫೈನಲ್‌ನಲ್ಲಿ ನಮ್ಮನ್ನು ಮನೆಗೆ ಕಳಿಸಿದ.

ಐದು ಗೋಲು ಬಿಟ್ಟ ಮೇಲೂ ತಂಡ ಯಾರನ್ನು ಮತ್ತೆ ನಿಲ್ಲಿಸುತ್ತದೋ ಅವನು ಅನುಭವಿ ಅಲ್ವಾ? ಹುಡುಗರು ಬೇಡ ಎನ್ನುತ್ತಿಲ್ಲ. ಸುಮ್ನೆ ಜನ್ಮದಿನಾಂಕ ನೋಡಿ ಹೆಸರು ಹೊಡೆದುಹಾಕಬೇಡಿ, ಅಷ್ಟೆ.

ನಮ್ಮ ಭಾರತ ಹಾಕಿ ತಂಡದ ಗೋಲ್‌ಕೀಪರ್ ಆಗಿದ್ದ ಶ್ರೀಜೇಶ್ ಕೂಡ ಬೊಬ್ರೊವ್‌ಸ್ಕಿಯಂತೆ 1988ರಲ್ಲೇ ಹುಟ್ಟಿದವರು. ಅದೇ 2024ರ ಬೇಸಿಗೆಯಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ, ಬ್ರಿಟನ್ ಎದುರು ಹತ್ತೇ ಜನರೊಂದಿಗೆ ನಲವತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಆಡಿ, ಶೂಟೌಟ್‌ನಲ್ಲಿ ಗೆದ್ದೆವು. ಇಲ್ಲಿ ಆಗ ರಾತ್ರಿ ಎರಡು ಗಂಟೆ ಆಗಿತ್ತು, ಎದ್ದು ಕೂತು ನೋಡಿದೆ. ಬೆಳಿಗ್ಗೆ ಪಕ್ಕದ ಮನೆಯಾತನಿಗೆ ಎಲ್ಲಾ ವಿವರಿಸಿದೆ. ಆತ ಕೇಳಿದ್ದು ಒಂದೇ ಮಾತು: ಅವರಿಗೆ ಸ್ಕೇಟಿಂಗ್ ಬರುತ್ತಾ?

– ಒಬ್ಬ ಓದುಗ, ಎಡ್ಮಂಟನ್