ಕ್ಯಾಮೆರಾಕ್ಕಷ್ಟೇ ಅಲ್ಲ, ಮೈಕಿಗೂ ತರಗತಿ ಬೇಕು

ಮಾನ್ಯ ಸಂಪಾದಕರೆ,

ಸಿನಿಮಾ ಕೋರ್ಸಿಗೆ ಸೇರುವ ಹೆಚ್ಚಿನವರು ನಿರ್ದೇಶನ ಇಲ್ಲವೇ ಕ್ಯಾಮೆರಾ ಎಂದುಕೊಂಡೇ ಬರುತ್ತಾರೆ. ಮೊದಲ ಕಿರುಚಿತ್ರದ ತುಣುಕುಗಳನ್ನು ಟೈಮ್‌ಲೈನಿನಲ್ಲಿ ಜೋಡಿಸಲು ಕೂತಾಗ ಕೆಲವರ ಮನಸ್ಸು ಹೊರಳುತ್ತದೆ. ನಟಿ ಸುಮ್ಮನೆ ನೋಡುವ ಶಾಟನ್ನು ಆರು ಫ್ರೇಮ್ ಬೇಗ ಕಡಿದರೆ ಸಿಟ್ಟು ಕಾಣುತ್ತದೆ, ಹನ್ನೆರಡು ಫ್ರೇಮ್ ಹೆಚ್ಚು ಬಿಟ್ಟರೆ ಅಳುಕು ಕಾಣುತ್ತದೆ. ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ ಇದು ಕಾಲು, ಅರ್ಧ ಸೆಕೆಂಡಿನ ಮಾತು. ಸಂಕಲನದ ಈ ರುಚಿ ಹತ್ತಿದ ವಿದ್ಯಾರ್ಥಿಗೆ ಹಲವು ಕಾಲೇಜುಗಳಲ್ಲಿ ಮುಂದಿನ ದಾರಿಯೇ ಇಲ್ಲ. ಕ್ಯಾಮೆರಾಕ್ಕೆ ಇಡೀ ಸೆಮಿಸ್ಟರ್, ಧ್ವನಿಗೆ ಒಂದೆರಡು ತರಗತಿ. 1940ರ ದಶಕದಲ್ಲೇ ಬೆಂಗಳೂರಿನ ಜಯಚಾಮರಾಜೇಂದ್ರ ಸಂಸ್ಥೆಯಲ್ಲಿ ಸಿನಿಮಾ ತಂತ್ರ ಕಲಿಸಲು ಶುರುಮಾಡಿದ ಊರಿದು ಎಂಬುದನ್ನು ನೆನೆದರೆ ಬೇಸರವಾಗುತ್ತದೆ.

ಬಹುಕಾಲ ನಮ್ಮ ಚಿತ್ರಗಳ ಮಾತು ಡಬ್ಬಿಂಗ್ ಥಿಯೇಟರಿನಲ್ಲಿ ತಯಾರಾಗುತ್ತಿತ್ತು. ಚಿತ್ರೀಕರಣದಲ್ಲಿ ಹಿಡಿದದ್ದು ಬರೀ ಪೈಲಟ್ ಟ್ರ್ಯಾಕ್, ಅಂದರೆ ಡಬ್ಬಿಂಗಿಗೆ ಗುರುತಾಗುವ ಕಚ್ಚಾ ದನಿ. ಆ ‘ಆಮೇಲೆ ನೋಡಿಕೊಳ್ಳೋಣ’ ವಿದ್ಯಾರ್ಥಿಗಳಿಗೂ ಅಂಟಿದೆ, ಆದರೆ ಡಬ್ಬಿಂಗಿಗೆ ಅವರ ಹತ್ತಿರ ದುಡ್ಡಿರುವುದಿಲ್ಲ. ಕ್ಯಾಮೆರಾದ ಮೇಲೆಯೇ ಮೈಕು ಸಿಕ್ಕಿಸಿ ಎಂಟು ಅಡಿ ದೂರದಿಂದ ಮಾತು ಹಿಡಿಯುತ್ತಾರೆ. ಮಾತಿಗಿಂತ ಫ್ಯಾನಿನ ಗಾಳಿ, ಗೋಡೆಯ ಪ್ರತಿಧ್ವನಿಯೇ ಮುಂದೆ ಬರುತ್ತದೆ. ಬೇಡದ ಸದ್ದು ತಗ್ಗಿಸುವ ನಾಯ್ಸ್ ರಿಡಕ್ಷನ್ ಜಾಸ್ತಿ ಹಾಕಿದರೆ ದನಿ ನೀರಿನೊಳಗಿಂದ ಬಂದಂತಾಗುತ್ತದೆ.

ಕೋಲಿನ ತುದಿಗೆ ಕಟ್ಟಿದ ಬೂಮ್ ಮೈಕು ಚಿತ್ರದ ಚೌಕಟ್ಟಿನ ಅಂಚಿಗೆ ತಾಗುವಷ್ಟು ಕೆಳಗಿಳಿದು, ಬಾಯಿಂದ ಒಂದೂವರೆ–ಎರಡು ಅಡಿಯಲ್ಲಿ ಎದೆಯ ಕಡೆ ಮುಖಮಾಡಿರಬೇಕು. ರೆಕಾರ್ಡರಿನ ಸೆಟ್ಟಿಂಗ್ 48 ಕಿಲೋಹರ್ಟ್ಜ್, 24 ಬಿಟ್‌ನಲ್ಲಿರಲಿ. ಅದರ ಮೀಟರಿನಲ್ಲಿ ಸಹಜ ಮಾತು ಮೈನಸ್ 20ರಿಂದ ಮೈನಸ್ 12 ಡೆಸಿಬೆಲ್ ನಡುವೆ ಆಡಲಿ, ಕೂಗಾಟವೂ ಮೈನಸ್ 6 ದಾಟದಿರಲಿ. ಮೀಟರಿನ ತುದಿಯಾದ ಸೊನ್ನೆಗೆ ಬಡಿದು ಒಡೆದ ದನಿಯನ್ನು ಮೊದಲಿನಂತೆ ಮಾಡಲಾಗದು. ಫ್ಯಾನು, ಫ್ರಿಜ್ ಆಫ್ ಮಾಡಬೇಕು. ಮನೆಯವರ ಹಾಲು ಕೆಡದಿರಲಿ ಎಂದು ಫ್ರಿಜ್ಜಿನೊಳಗೇ ಗಾಡಿ ಕೀ ಇಡುವ ರೂಢಿ ಈ ಕಸುಬಿನಲ್ಲಿದೆ. ಕೀ ಇಲ್ಲದೆ ಮನೆಗೆ ಹೊರಡಲಾಗದು, ಸ್ವಿಚ್ಚು ಮರೆಯುವುದೂ ಇಲ್ಲ!

ವಿದ್ಯಾರ್ಥಿಗಳು ಅತಿ ಹೆಚ್ಚು ಮರೆಯುವುದು ರೂಮ್ ಟೋನ್. ಕೊನೆಯ ಶಾಟ್ ಓಕೆ ಆದ ಮೇಲೆ ಯಾರನ್ನೂ ಕದಲಿಸದೆ, ಅದೇ ಮೈಕು, ಅದೇ ಲೆವೆಲ್‌ನಲ್ಲಿ ಒಂದು ನಿಮಿಷ ಯಾರೂ ಮಾತಾಡದ ಕೋಣೆಯ ಸದ್ದನ್ನು ರೆಕಾರ್ಡ್ ಮಾಡಬೇಕು. ದೂರದ ರಸ್ತೆ, ಟ್ಯೂಬ್‌ಲೈಟಿನ ಗುಂಯ್, ಹಿತ್ತಲಿನ ಕಾಗೆ ಎಲ್ಲವೂ ಅದರಲ್ಲಿರುತ್ತವೆ. ಎರಡು ಸಂಭಾಷಣೆಗಳ ನಡುವಿನ ಕೆಮ್ಮನ್ನು ಕಡಿದು ಹಾಗೇ ಬಿಟ್ಟರೆ ಅಲ್ಲಿ ಧ್ವನಿ ಹಳ್ಳಕ್ಕೆ ಬಿದ್ದಂತಾಗುತ್ತದೆ. ಆ ಹಳ್ಳ ತುಂಬಲು ಈ ಟೋನೇ ಬೇಕು. ಕಡಿದ ಕಡೆ ‘ಟಿಕ್’ ಎಂದರೆ ಧ್ವನಿಯ ಅಲೆಯನ್ನು ನಡುವೆ ಕತ್ತರಿಸಲಾಗಿದೆ ಎಂದರ್ಥ. ಒಂದು ದನಿ ಇಳಿಯುತ್ತ ಇನ್ನೊಂದು ಏರುವ, ಒಂದೆರಡು ಫ್ರೇಮಿನ ಕ್ರಾಸ್‌ಫೇಡ್ ಅದನ್ನು ಅಡಗಿಸುತ್ತದೆ.

ಫೋನಿನಲ್ಲಿ ಚಿತ್ರೀಕರಿಸುವವರಿಗೆ ಇನ್ನೊಂದು ಕಾಟ. ಹಲವು ಫೋನುಗಳು ಫ್ರೇಮ್ ದರವನ್ನು ತಾವೇ ಏರಿಳಿಸುವುದರಿಂದ, ಬೇರೆ ರೆಕಾರ್ಡರಿನ ಧ್ವನಿ ಶುರುವಿನಲ್ಲಿ ತುಟಿಗೆ ಕೂಡಿಕೊಂಡಿದ್ದರೂ ಉದ್ದದ ಶಾಟಿನ ಕೊನೆಗೆ ಜಾರಿರುತ್ತದೆ. ಎಡಿಟ್ ಶುರುಮಾಡುವ ಮೊದಲೇ ಸ್ಥಿರ ಫ್ರೇಮ್ ದರಕ್ಕೆ ಬದಲಿಸಿಕೊಳ್ಳಬೇಕು. ಆಮೇಲೆ ಕ್ಲಾಪಿನ ಎರಡು ಪಟ್ಟಿ ಕೂಡುವ ಫ್ರೇಮಿಗೆ ಧ್ವನಿಯ ಚೂಪು ಏರನ್ನು ಹೊಂದಿಸಬೇಕು.

ಸಂಕಲನದ ಮೊದಲ ಪಾಠಕ್ಕೆ ಇಬ್ಬರು ಮಾತಾಡುವ ದೃಶ್ಯ ಸಾಕು. ಮಾತು ಮುಗಿದಲ್ಲೇ ಚಿತ್ರವನ್ನೂ ಕಡಿಯುತ್ತ ಹೋದರೆ ಪಿಂಗ್‌ಪಾಂಗ್ ಆಟವಾಗುತ್ತದೆ. ಎರಡನೆಯವಳ ದನಿಯನ್ನು ಎಂಟು–ಹತ್ತು ಫ್ರೇಮ್ ಮೊದಲೇ ಮೊದಲನೆಯವನ ಮುಖದ ಮೇಲೆ ಬರಗೊಡಿ. ಕೇಳಿಸಿಕೊಳ್ಳುವವನ ಕಣ್ಣು ಆಗ ಕಾಣುತ್ತದೆ. ಜೆ-ಕಟ್ ಎನ್ನುವುದು ಇದಕ್ಕೇ. ಸಾಫ್ಟ್‌ವೇರಿನ ಬಟನ್‌ಗಳಿಗಿಂತ ಇದನ್ನು ಮೊದಲು ಕಲಿಸಬೇಕೆಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಧ್ವನಿಗೂ ಸಂಕಲನಕ್ಕೂ ಬೇರೆಬೇರೆ ಕೋರ್ಸುಗಳಿವೆ. ಇಲ್ಲಿನ ಕಾಲೇಜುಗಳಿಂದ ಅಷ್ಟು ಕೇಳುತ್ತಿಲ್ಲ. ಒಂದು ರೆಕಾರ್ಡರು, ಒಂದು ಬೂಮ್, ಕಿವಿ ಮುಚ್ಚುವ ಹೆಡ್‌ಫೋನು, ಪ್ರತಿಧ್ವನಿ ತಡೆಯಲು ನಾಲ್ಕು ದಪ್ಪ ಕಂಬಳಿ ಕೊಡಲಿ. ಪ್ರತಿ ತಂಡದಲ್ಲೂ ಧ್ವನಿಗೆಂದೇ ಒಬ್ಬರಿರಲಿ. ಮೌಲ್ಯಮಾಪಕರು ಒಮ್ಮೆ ಪರದೆ ಆರಿಸಿ ಇಡೀ ಚಿತ್ರವನ್ನು ಬರೀ ಕೇಳಿ, ಅದಕ್ಕೂ ಪ್ರತ್ಯೇಕ ಅಂಕ ಕೊಡಲಿ.

ಇಂತಿ,
ಧ್ವನಿಗ್ರಹಣ ಮತ್ತು ಸಂಕಲನ ಕಲಿಸುವವರು
ಬೆಂಗಳೂರು