ರಸ್ತೆ ಮುಗಿದ ಮೇಲೂ ನಿಗಾ ಇರಲಿ

ಮಾನ್ಯ ಸಂಪಾದಕರೇ,

ರಸ್ತೆ ಯೋಜನೆಗಳ ಸಾಮಾಜಿಕ ಹಾಗೂ ಪರಿಸರ ಪರಿಣಾಮಗಳ ಮೇಲೆ ನಿಗಾ ಇಡಲಾಗುವುದು ಎಂಬ ಭರವಸೆ ಯೋಜನಾ ವರದಿಗಳಲ್ಲಿ ತಪ್ಪದೇ ಇರುತ್ತದೆಯಾದರೂ, ಆ ನಿಗಾ ಬಹುತೇಕ ಗುತ್ತಿಗೆದಾರರ ಅಂತಿಮ ಬಿಲ್ಲಿನೊಂದಿಗೇ ಮುಗಿದುಹೋಗುತ್ತದೆ. ಕಾಮಗಾರಿಯ ವೇಳೆ ಏಳುವ ದೂಳು, ಯಂತ್ರಗಳ ಸದ್ದು, ಕಡಿದ ಮರಗಳ ಲೆಕ್ಕ ಇವೆಲ್ಲ ಅಳೆಯಲು ಸುಲಭ. ರಸ್ತೆಯ ದೊಡ್ಡ ಪರಿಣಾಮಗಳು ಕಾಣಿಸಿಕೊಳ್ಳುವುದು ವಾಹನಗಳು ಓಡತೊಡಗಿದ ಮೇಲೆ.

ಬ್ರೆಜಿಲಿನ ಅಮೆಜಾನ್ ಕಾಡಿನ ರಾಜ್ಯವಾದ ರೊಂಡೋನಿಯಾದಲ್ಲಿ ಆದದ್ದು ಇದೇ. 1980ರ ದಶಕದ ಆರಂಭದಲ್ಲಿ ವಿಶ್ವಬ್ಯಾಂಕಿನ ಸಾಲ ಪಡೆದು ಬಿಆರ್-364 ಹೆದ್ದಾರಿಗೆ ಡಾಂಬರು ಹಾಕಿದಾಗ, ಕಾಡನ್ನೂ ಮೂಲನಿವಾಸಿಗಳ ನೆಲವನ್ನೂ ಕಾಪಾಡುವ ಕ್ರಮಗಳು ಯೋಜನೆಯ ಭಾಗವೇ ಆಗಿದ್ದವು. ರಸ್ತೆ ಬೇಗ ಮುಗಿಯಿತು, ಆ ಕ್ರಮಗಳು ಹಿಂದೆ ಬಿದ್ದವು. 1985ರಲ್ಲಿ ಬ್ಯಾಂಕು ಹಣ ಬಿಡುಗಡೆಯನ್ನು ತಡೆಹಿಡಿಯುವ ಹೊತ್ತಿಗೆ ವಲಸಿಗರು ಹಿಂಡುಹಿಂಡಾಗಿ ಬಂದು ನೆಲೆಸಿಯಾಗಿತ್ತು. ಬ್ರೆಜಿಲಿನ ಅಮೆಜಾನ್ ಪ್ರದೇಶದ ಕಾಡುನಾಶದಲ್ಲಿ ಸುಮಾರು ಶೇ 95ರಷ್ಟು ರಸ್ತೆಗಳಿಂದ 5.5 ಕಿ.ಮೀ. ಅಥವಾ ದೋಣಿ ಸಂಚರಿಸುವ ನದಿಗಳಿಂದ 1 ಕಿ.ಮೀ. ಒಳಗೇ ಆಗಿದೆ ಎಂದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಹಾಗಿರುವಾಗ ರಸ್ತೆಗೆಂದು ಸ್ವಾಧೀನಪಡಿಸಿಕೊಂಡ ಜಮೀನನ್ನಷ್ಟೇ ಅಳೆದು ವರದಿ ಒಪ್ಪಿಸುವುದರಲ್ಲಿ ಅರ್ಥವಿಲ್ಲ.

ಜನರ ವಿಷಯದಲ್ಲೂ ಅಷ್ಟೇ. ಪರಿಹಾರದ ಹಣ ಖಾತೆಗೆ ಜಮೆಯಾದ ದಿನಾಂಕ ಕಡತದಲ್ಲಿರುತ್ತದೆ. ಅಂಗಡಿ ಕಳೆದುಕೊಂಡ ಕುಟುಂಬ ಎರಡು ವರ್ಷದ ನಂತರ ಹೇಗೆ ಬದುಕುತ್ತಿದೆ, ರಸ್ತೆಯ ಆಚೆಗಿರುವ ಶಾಲೆಗೆ ಮಕ್ಕಳು ಹೇಗೆ ದಾಟುತ್ತಾರೆ, ಮೋರಿ ಕಿರಿದಾದ್ದರಿಂದ ಯಾರ ಹೊಲದಲ್ಲಿ ನೀರು ನಿಂತಿದೆ ಎಂಬುದು ಇರುವುದಿಲ್ಲ. ವಿಶ್ವಬ್ಯಾಂಕು 2018ರಿಂದ ಜಾರಿಗೆ ತಂದ ಮಾನದಂಡಗಳ ಪ್ರಕಾರ, ಹೆಚ್ಚಿನ ಸಂಖ್ಯೆಯಲ್ಲಿ ಜನರು ನೆಲೆ ಕಳೆದುಕೊಳ್ಳುವ ಯೋಜನೆಗಳಲ್ಲಿ ಪುನರ್ವಸತಿ ಕ್ರಮಗಳು ಬಹುಮಟ್ಟಿಗೆ ಮುಗಿದ ಬಳಿಕ ಹೊರಗಿನವರಿಂದ ಪರಿಶೀಲನೆ ಮಾಡಿಸಬೇಕು. ಯಾರ ಸಾಲದಿಂದ ಕಟ್ಟಿದ ರಸ್ತೆಗಾದರೂ ಈ ನಿಯಮ ಅನ್ವಯಿಸಬಾರದೇಕೆ?

ಇನ್ನು ನಿಗಾ ಇಡುವ ಸಲಹೆಗಾರರಿಗೆ ಗುತ್ತಿಗೆದಾರರೇ ಸಂಬಳ ಕೊಡುವ ಏರ್ಪಾಡಂತೂ, ಪರೀಕ್ಷೆ ಬರೆದವರೇ ಮೌಲ್ಯಮಾಪಕರಿಗೆ ಭತ್ಯೆ ಕೊಟ್ಟಂತೆ. ಕಾಮಗಾರಿಗೆ ಮೊದಲಿನ ನೀರು, ಗಾಳಿ, ಜೀವನೋಪಾಯಗಳ ಸ್ಥಿತಿಯನ್ನು ದಾಖಲಿಸದಿದ್ದರೆ ನಂತರದ ಅಳತೆಯನ್ನು ಹೋಲಿಸಲು ಏನೂ ಉಳಿಯುವುದಿಲ್ಲ. ಆದ್ದರಿಂದ ಯೋಜನಾ ವೆಚ್ಚದಲ್ಲೇ ಒಂದು ಪಾಲನ್ನು ಪ್ರತ್ಯೇಕ ಖಾತೆಯಲ್ಲಿಟ್ಟು, ಸಂಚಾರ ಆರಂಭವಾದ ಮೇಲೆ ಕನಿಷ್ಠ 5 ವರ್ಷ ಸ್ವತಂತ್ರ ತಂಡದಿಂದ ನಿಗಾ ಮುಂದುವರಿಸಬೇಕು. ಅದರ ಫಲಿತಾಂಶವನ್ನು, ಕಾಮಗಾರಿಯ ಮೊತ್ತವನ್ನೂ ಗುತ್ತಿಗೆದಾರರ ಹೆಸರನ್ನೂ ಬರೆಯುವ ರಸ್ತೆಬದಿಯ ಫಲಕದಲ್ಲೇ ವರ್ಷಕ್ಕೊಮ್ಮೆ ಪ್ರಕಟಿಸಬೇಕು.

ಇತಿ,
ತಮ್ಮ ಓದುಗ