ಗುತ್ತಿಗೆ ಮುಗಿದರೂ ಮಾತ್ರೆ ಮುಗಿಯಬಾರದು

ಮಾನ್ಯ ಸಂಪಾದಕರೇ,

ಯುದ್ಧದಿಂದ ನಲುಗಿದ ದೇಶಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಸರಕಾರೇತರ ಸಂಸ್ಥೆಗಳಿಗೆ ಗುತ್ತಿಗೆಯ ಮೇಲೆ ವಹಿಸಬೇಕೇ ಎಂಬ ಚರ್ಚೆ ಹಳೆಯದು. ಅಫ್ಘಾನಿಸ್ತಾನ 2003ರಿಂದ ಇದೇ ದಾರಿ ಹಿಡಿಯಿತು. ಸರಕಾರದ ಬಳಿ ಸಿಬ್ಬಂದಿಯೇ ಸಾಲದಿದ್ದಾಗ ಅದು ಸರಿಯಾದ ನಿರ್ಧಾರವೆಂದೇ ನಮ್ಮ ಅಭಿಪ್ರಾಯ. ಆದರೆ 2021ರ ಆಗಸ್ಟ್‌ನಲ್ಲಿ ಈ ಗುತ್ತಿಗೆಗಳಿಗೆ ಹಣ ಕೊಡುತ್ತಿದ್ದ ವಿದೇಶಿ ದಾನಿಗಳು ಅದನ್ನು ತಡೆಹಿಡಿದದ್ದೇ ತಡ, ಸಂಬಳಕ್ಕೂ ಔಷಧಕ್ಕೂ ತತ್ವಾರವಾಯಿತು. ಸಂಸ್ಥೆ ಯಾವುದು ಎನ್ನುವುದಕ್ಕಿಂತ ಒಂದು ಗುತ್ತಿಗೆ ಮುಗಿದು ಇನ್ನೊಂದು ಶುರುವಾಗುವ ನಡುವಿನ ತಿಂಗಳುಗಳಲ್ಲಿ ಏನಾಗುತ್ತದೆ ಎಂಬುದೇ ಮುಖ್ಯ.

ದಕ್ಷಿಣ ಸುಡಾನನ್ನೇ ನೋಡಿ. ಮುಂಬೈ ಬಳಿಯ ನಮ್ಮ ನಾವಾ ಶೇವಾ ಬಂದರಿನಲ್ಲಿ ಹಡಗು ಹತ್ತಿದ ಔಷಧ ಕೆನ್ಯಾದ ಮೊಂಬಾಸಾದಲ್ಲಿ ಇಳಿದು, ಲಾರಿಯಲ್ಲಿ ಉಗಾಂಡಾ ದಾಟಿ, ನಿಮುಲೆ ಗಡಿಯಿಂದ ರಾಜಧಾನಿ ಜುಬಾ ಸೇರಬೇಕು. ಅಲ್ಲಿಂದ ಮುಂದೆ ಬಹುಪಾಲು ಮಣ್ಣಿನ ರಸ್ತೆ. ಮೇ ತಿಂಗಳಿಂದ ಮಳೆ ಹಿಡಿದರೆ ಎಷ್ಟೋ ಊರುಗಳಿಗೆ ಲಾರಿ ಹೋಗುವುದೇ ಇಲ್ಲ. ಮಲೇರಿಯಾ ಹೆಚ್ಚುವುದೂ ಆಗಲೇ. ಏಪ್ರಿಲ್ ಒಳಗೆ ದಾಸ್ತಾನು ಕೇಂದ್ರ ಮುಟ್ಟಿರಬೇಕು. ಗುತ್ತಿಗೆ ಮಾರ್ಚ್‌ನಲ್ಲಿ ಮುಗಿದರೆ, ಹೋಗುವವರು ಖರೀದಿ ನಿಲ್ಲಿಸಿರುತ್ತಾರೆ, ಬರುವವರು ಇನ್ನೂ ಟೆಂಡರ್ ಕರೆಯುತ್ತಿರುತ್ತಾರೆ.

ಇನ್ನೊಂದು ತಪ್ಪು ಲೆಕ್ಕದ್ದು. ಹೊಸ ಸಂಸ್ಥೆ ಹಳೆಯ ದಾಸ್ತಾನು ಕಾರ್ಡ್ (ಔಷಧ ಬಂದದ್ದು, ಖರ್ಚಾದದ್ದು ಬರೆದಿಡುವ ಕಾರ್ಡ್) ನೋಡಿ ಬೇಡಿಕೆ ಬರೆಯುತ್ತದೆ. 90 ದಿನಗಳಲ್ಲಿ 900 ಪೊಟ್ಟಣ ಓಆರ್‌ಎಸ್ ಖರ್ಚಾಗಿದ್ದರೆ ತಿಂಗಳಿಗೆ 300 ಎಂದು ಹಾಕಿಬಿಡುತ್ತಾರೆ. ಆದರೆ ಆ 90ರಲ್ಲಿ 30 ದಿನ ಕಪಾಟು ಖಾಲಿಯಿತ್ತು ಎಂದಿಟ್ಟುಕೊಳ್ಳಿ. ಆಗ 900 ಪೊಟ್ಟಣ ಮುಗಿದದ್ದು 60 ದಿನಗಳಲ್ಲಿ. ನಿಜವಾದ ಅಗತ್ಯ ತಿಂಗಳಿಗೆ 450. ಖಾಲಿಯಿದ್ದ ದಿನಗಳನ್ನು ಕಳೆಯದೆ ಬರೆದ ಬೇಡಿಕೆ ಮುಂದಿನ ಕೊರತೆಯನ್ನು ತಾನೇ ಹುಟ್ಟಿಸುತ್ತದೆ, ಸುತ್ತು ಸುತ್ತಿಗೂ ಅಂಕಿ ಇಳಿಯುತ್ತಲೇ ಹೋಗುತ್ತದೆ. ಭೇದಿಯಾದ ಮಗುವಿಗೆ ಓಆರ್‌ಎಸ್ ಜೊತೆಗೆ 10ರಿಂದ 14 ದಿನ ಕೊಡಬೇಕಾದ ಸತುವಿನ ಮಾತ್ರೆಯ ಗತಿಯೂ ಇದೇ.

ಹಾಗಾಗಿ ದಾನಿಗಳು ಗುತ್ತಿಗೆಯನ್ನು ಮಳೆಗಾಲದ ಹೊಸ್ತಿಲಲ್ಲಿ ಮುಗಿಸಬಾರದು. ಕನಿಷ್ಠ ಮೂರು ತಿಂಗಳು ಹಳಬರು, ಹೊಸಬರು ಇಬ್ಬರೂ ಜೊತೆಗಿರಲಿ, ಅಷ್ಟೂ ದಿನದ ಸಂಬಳ ಯಾರು ಕೊಡಬೇಕೆಂಬುದು ಒಪ್ಪಂದದಲ್ಲೇ ಇರಲಿ. ಕಾರ್ಡ್‌ಗಳು ಕೇಂದ್ರದ ಆಸ್ತಿ. ಸಂಸ್ಥೆಯ ಪೆಟ್ಟಿಗೆಯಲ್ಲಿ ಹೋಗಕೂಡದು.

ಮುಂಬೈಯ ಔಷಧ ರಫ್ತಿನಲ್ಲಿ ದುಡಿಯುವ ಕನ್ನಡಿಗರಲ್ಲೂ ಒಂದು ವಿನಂತಿ. ದಾನದ ಔಷಧ ದೇಶ ತಲುಪಿದ ಮೇಲೂ ಕನಿಷ್ಠ ಒಂದು ವರ್ಷ ಅವಧಿ ಉಳಿದಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಡಗಿನ ದಿನ, ಗಡಿಯಲ್ಲಿ ಕಾಯುವ ದಿನ ಎಲ್ಲ ಸೇರಿಸಿ ಬ್ಯಾಚ್ ಆರಿಸಿ, ಅವಧಿ ಮುಗಿಯುವ ತಿಂಗಳನ್ನು ಪೆಟ್ಟಿಗೆಯ ಹೊರಮೈಮೇಲೆ ದಪ್ಪಕ್ಷರದಲ್ಲಿ ಬರೆಯಿರಿ.

– ಔಷಧ ಸರಬರಾಜು ಕ್ಷೇತ್ರದ ಕನ್ನಡಿಗರು, ಡೊಂಬಿವಲಿ